ಗೆದ್ದ ರಾತ್ರಿ, ಮರುದಿನದ ಸಂಜೆ



ಈ ಅಂಕಣದಲ್ಲಿ ನಾವು ಬಹುಮಟ್ಟಿಗೆ ಮನೆ, ಮಕ್ಕಳು, ಮದುವೆ, ಮಠಮಾನ್ಯಗಳ ಸಂಗತಿಗಳನ್ನೇ ಬರೆಯುತ್ತ ಬಂದವರು. ಕ್ರಿಕೆಟ್ ಪಂದ್ಯದ ಸುದ್ದಿಗೆ ಇಲ್ಲೇನು ಕೆಲಸವೆಂದು ಹಿರಿಯ ವಾಚಕರು ಹುಬ್ಬೇರಿಸಿದರೆ ಅದು ಸಹಜವೇ. ಆದರೆ 2025ನೆಯ ಇಸವಿಯ ಜೂನ್ 3 ಮತ್ತು 4, ಈ ಎರಡು ದಿನಗಳು ಗೋಕಾಕದ ನಮ್ಮ ಮನೆಯ ಪಡಸಾಲೆಯವರೆಗೂ ಬಂದು ಹೋದವು. ಮೊದಲನೆಯ ದಿನ ಮನೆಮಂದಿಯೆಲ್ಲ ನಕ್ಕೆವು; ಎರಡನೆಯ ದಿನ ಫೋನಿನ ಮುಂದೆ ಕುಳಿತು ಬೆವೆತೆವು. ಅವೆರಡರ ನಡುವೆ ನಾವು ಆಡಿದ ಒಂದು ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತಿದೆ. ಆದುದರಿಂದ ಈ ತಿಂಗಳು ಆ ವಿಷಯವನ್ನೇ ವಾಚಕರ ಮುಂದಿಡುತ್ತೇವೆ.

ನಮ್ಮ ಭಾಗದವರಿಗೆ ಬೆಂಗಳೂರು ಒಂದು ರಾತ್ರಿಯ ಪ್ರಯಾಣದಷ್ಟು ದೂರ. ಕೊಲ್ಹಾಪುರ, ಮೀರಜಗಳೇ ನಮಗೆ ಹತ್ತಿರ. ಹುಕ್ಕೇರಿಯ ಕಡೆಯ ನಮ್ಮ ಬೀಗರ ಮನೆಯಲ್ಲಿ ಮುಂಬಯಿ ತಂಡವನ್ನು ನೆಚ್ಚಿದವರೇ ಹೆಚ್ಚು. ಹಬ್ಬಕ್ಕೆ ಕೂಡಿದಾಗ ಹೋಳಿಗೆಯ ಎಲೆಯ ಮುಂದೆಯೇ ವಾದ ಏಳುತ್ತದೆ. ನಮಗೆ ಈ ಹುಚ್ಚು ಹತ್ತಿದ್ದು ತಂದೆಯವರಿಂದ. 1974ರ ಮಾರ್ಚ್ ತಿಂಗಳಿನಲ್ಲಿ ಎರಪಳ್ಳಿ ಪ್ರಸನ್ನ ಅವರ ನಾಯಕತ್ವದ ಕರ್ನಾಟಕ ತಂಡವು ಮುಂಬಯಿಯನ್ನು ಉಪಾಂತ್ಯದಲ್ಲಿ ಹಿಂದಿಕ್ಕಿ, ಬಳಿಕ ರಾಜಸ್ಥಾನವನ್ನು ಸೋಲಿಸಿ ರಣಜಿ ಟ್ರೋಫಿಯನ್ನು ಗೆದ್ದಿತು. ಅದಕ್ಕೆ ಮುನ್ನ ಸತತ 15 ವರ್ಷ ಆ ಟ್ರೋಫಿ ಮುಂಬಯಿಯ ಸ್ವತ್ತಾಗಿತ್ತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಆಗ ಆರು ತಿಂಗಳೂ ಕಳೆದಿರಲಿಲ್ಲ. ತಂದೆಯವರು ರೇಡಿಯೋವನ್ನು ಕಿವಿಗೆ ಹಚ್ಚಿಕೊಂಡು ಅಂಗಳದಲ್ಲಿ ಅಡ್ಡಾಡುತ್ತಿದ್ದ ಚಿತ್ರ ನಮ್ಮ ಕಣ್ಣಿನಿಂದ ಇನ್ನೂ ಮಾಸಿಲ್ಲ.

ಬೆಂಗಳೂರಿನ ಐಪಿಎಲ್ ತಂಡದ ಕತೆಯಾದರೋ ಬೇರೆ. ಅದು ಹಣದ ಆಟ, ಹರಾಜಿನ ಆಟ. ಆಟಗಾರರು ದೇಶವಿದೇಶಗಳಿಂದ ಬಂದವರು. ಆದರೂ ಊರಿನ ಹೆಸರಿದೆಯೆಂಬ ಒಂದೇ ಕಾರಣಕ್ಕೆ ಲಕ್ಷಾಂತರ ಮನೆಗಳು ಅದನ್ನು ತಮ್ಮದೆಂದುಕೊಂಡವು. 2024ರ ಮಾರ್ಚ್‌ನಲ್ಲಿ ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಎಂದು ಹೆಸರು ತಿದ್ದಿಕೊಂಡಾಗಲಂತೂ ಮಮತೆ ಇನ್ನಷ್ಟು ಬೆಳೆಯಿತು. ಆ ಮಮತೆಗೆ ಪ್ರತಿಫಲವಾಗಿ ತಂಡವು ಕೊಟ್ಟುದು ಮಾತ್ರ ಬಹುಕಾಲ ನಿರಾಸೆಯನ್ನೇ. 2009ರಲ್ಲಿ ದೂರದ ಜೋಹಾನ್ಸ್‌ಬರ್ಗಿನಲ್ಲಿ ಅನಿಲ್ ಕುಂಬ್ಳೆಯವರು 16 ರನ್ನಿಗೆ 4 ವಿಕೆಟ್ ಕಿತ್ತರೂ, 144 ರನ್ನುಗಳ ಗುರಿಯ ಮುಂದೆ 6 ರನ್ನುಗಳಿಂದ ಸೋಲಾಯಿತು. 2011ರಲ್ಲಿ ಚೆನ್ನೈಗೆ 58 ರನ್ನುಗಳಿಂದ ಶರಣಾದೆವು. 2016ರ ಸೋಲಂತೂ ಹೇಳತೀರದು. ಆ ವರ್ಷ ವಿರಾಟ್ ಕೊಹ್ಲಿಯವರು 973 ರನ್ನು ಹೊಡೆದಿದ್ದರು. ಅಂತಿಮ ಪಂದ್ಯ ನಮ್ಮ ಬೆಂಗಳೂರಿನಲ್ಲೇ. 209ರ ಗುರಿಗೆ ಮೊದಲ ವಿಕೆಟ್ಟಿಗೇ 114 ರನ್ನು ಕೂಡಿತ್ತು. ಅಷ್ಟಾಗಿಯೂ 8 ರನ್ನುಗಳಿಂದ ಸೋತರು. ಆ ರಾತ್ರಿ ನಮ್ಮ ತಂಗಿಯ ಮಗ, ಆಗಿನ್ನೂ ಹೈಸ್ಕೂಲು ಹುಡುಗ, ಉಣ್ಣದೆ ಮಲಗಿದನು. ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆ ವರುಷ ವರುಷವೂ ಏಳುವುದು, ವರುಷ ವರುಷವೂ ನಗೆಪಾಟಲಾಗುವುದು. ಹುಕ್ಕೇರಿಯ ಬೀಗರಿಗೆ ಅದೊಂದು ಕಾಯಂ ಹಾಸ್ಯದ ಸರಕಾಗಿತ್ತು.

ಇಲ್ಲಿ ನಮ್ಮ ಮಗಳು ಒಂದು ತಿದ್ದುಪಡಿ ಮಾಡಿಸಿದ್ದಾಳೆ. ಬೆಂಗಳೂರಿಗೆ ಮೊದಲ ಕಪ್ ತಂದವರು ಹೆಣ್ಣುಮಕ್ಕಳು. 2024ರ ಮಾರ್ಚ್ 17ರಂದು ಸ್ಮೃತಿ ಮಂಧಾನಾ ಅವರ ತಂಡ ದಿಲ್ಲಿಯನ್ನು 113 ರನ್ನಿಗೆ ಕಟ್ಟಿಹಾಕಿ 8 ವಿಕೆಟ್ಟುಗಳಿಂದ ಗೆದ್ದಿತು. ನಮ್ಮ ನಾಡಿನ ಶ್ರೇಯಾಂಕಾ ಪಾಟೀಲ ಆ ಪಂದ್ಯದಲ್ಲಿ 12 ರನ್ನು ಕೊಟ್ಟು 4 ವಿಕೆಟ್ ಪಡೆದಳು. ಗಂಡಸರ ಗೆಲುವನ್ನು ಮಾತ್ರ ‘ಮೊದಲ ಗೆಲುವು’ ಎಂದು ಬರೆದರೆ ಈ ಅಂಕಣವನ್ನು ತಾನು ಓದುವುದಿಲ್ಲವೆಂದು ಅವಳು ಮೊದಲೇ ಎಚ್ಚರಿಸಿರುವಳು. ಮಾತು ನ್ಯಾಯವಾದುದರಿಂದ ಒಪ್ಪಿಕೊಂಡಿದ್ದೇವೆ.

ಇನ್ನು ಗಂಡಸರ ತಂಡದ ವಿಷಯ. ತಂಡ ನಡೆಸುವವರ ಮೇಲೆ ನಮಗೆ ಸಿಟ್ಟು ಬಂದುದು 2024ರ ಹೇಮಂತದಲ್ಲಿ. ಹೊಸ ಹರಾಜಿಗೆ ಮುನ್ನ ಅವರು ಹಳಬರಲ್ಲಿ ಮೂವರನ್ನು ಮಾತ್ರ ಉಳಿಸಿಕೊಂಡು ಉಳಿದವರನ್ನೆಲ್ಲ ಕೈಬಿಟ್ಟರು. ಕೊಹ್ಲಿಯವರಿಗೆ 21 ಕೋಟಿ ಕೊಟ್ಟು ಇರಿಸಿಕೊಂಡುದು ಸರಿ. ಆದರೆ ಏಳು ವರ್ಷ ಬೆವರು ಸುರಿಸಿದ ಮೊಹಮ್ಮದ್ ಸಿರಾಜ್? ನವೆಂಬರ್ 24 ಮತ್ತು 25ರಂದು ಸೌದಿ ಅರೇಬಿಯದ ಜೆದ್ದಾದಲ್ಲಿ ನಡೆದ ಹರಾಜಿನಲ್ಲಿ ಆತನನ್ನು ಗುಜರಾತ್ ತಂಡ 12.25 ಕೋಟಿಗೆ ಕೊಂಡಿತು. ಕೆ.ಎಲ್. ರಾಹುಲ್ ನಮ್ಮ ಕನ್ನಡಿಗ, ಅವರು ಮರಳಿ ಬಂದೇ ಬರುವರೆಂದು ನಾವೆಲ್ಲ ಟಿ.ವಿ. ಮುಂದೆ ಕುಳಿತಿದ್ದರೆ, ಬೆಂಗಳೂರಿನವರು ಸ್ವಲ್ಪ ದೂರ ಕೂಗಿ ಕೈ ಇಳಿಸಿಬಿಟ್ಟರು. 14 ಕೋಟಿಗೆ ದಿಲ್ಲಿಯ ಪಾಲಾದರು. ಅಂದು ರಾತ್ರಿ ತಂಗಿಯ ಮಗ ಬೆಂಗಳೂರಿನಿಂದ ಫೋನು ಮಾಡಿ, “ಮಾಮಾ, ಇವರಿಗೆ ತಲಿ ಕೆಟ್ಟೈತ್ರಿ” ಎಂದನು. ನಾವೂ ಹೌದೆಂದೆವು. ಸಂಸಾರ ನಡೆಸುವವನು ಸಂತೆಗೆ ಹೋಗಿ ಬೇಕಾದುದನ್ನು ಬಿಟ್ಟು ಬೇಡವಾದುದನ್ನು ಹೊತ್ತು ತಂದಂತೆ ನಮಗೆ ತೋರಿತು.

ಅವರು ಹೊತ್ತು ತಂದುದಾದರೂ ಏನು? ಜೋಶ್ ಹೇಜಲ್‌ವುಡ್ 12.50 ಕೋಟಿ, ಫಿಲ್ ಸಾಲ್ಟ್ 11.50 ಕೋಟಿ, ಜಿತೇಶ್ ಶರ್ಮಾ 11 ಕೋಟಿ, ಭುವನೇಶ್ವರ್ ಕುಮಾರ್ 10.75 ಕೋಟಿ, ಕೃಣಾಲ್ ಪಾಂಡ್ಯ 5.75 ಕೋಟಿ, ಟಿಮ್ ಡೇವಿಡ್ 3 ಕೋಟಿ, ರೊಮಾರಿಯೊ ಶೆಫರ್ಡ್ 1.50 ಕೋಟಿ. ಭುವನೇಶ್ವರ್ ಅವರಿಗೆ ವಯಸ್ಸಾಯಿತೆಂದೂ, ಕೃಣಾಲರ ಕಾಲ ಮುಗಿಯಿತೆಂದೂ ನಾವು ತೀರ್ಪು ಕೊಟ್ಟೆವು. ತೀರ್ಪು ಕೊಡುವುದಕ್ಕೆ ನಮ್ಮಂಥ ಅಭಿಮಾನಿಗಳಿಗೆ ಬಂಡವಾಳ ಬೇಕಾಗುವುದಿಲ್ಲ. ಅಂದು ನಮಗೆ ಕಾಣದೆ ಹೋದ ಸಂಗತಿಯೊಂದಿತ್ತು. ಹಿಂದಿನ ವರುಷಗಳಲ್ಲಿ ಈ ತಂಡ ಮೂರು ನಾಲ್ಕು ದೊಡ್ಡ ದಾಂಡಿಗರಿಗೆ ಹಣವನ್ನೆಲ್ಲ ಸುರಿದು, ಬೌಲರುಗಳನ್ನು ಉಳಿದ ಚಿಲ್ಲರೆಯಲ್ಲಿ ಕೊಳ್ಳುತ್ತಿತ್ತು. 2013ರಲ್ಲಿ ಕ್ರಿಸ್ ಗೇಲ್ ಒಬ್ಬರೇ 66 ಚೆಂಡುಗಳಲ್ಲಿ 175 ರನ್ನು ಹೊಡೆದ ವರ್ಷವೂ ತಂಡ ಮೊದಲ ನಾಲ್ಕರಲ್ಲಿ ನಿಲ್ಲಲಿಲ್ಲವೆಂಬುದನ್ನು ನೆನೆಯಬೇಕು. ಈ ಸಲ ಕ್ರಿಕೆಟ್ ನಿರ್ದೇಶಕ ಮೊ ಬೊಬಾಟ್, ಮುಖ್ಯ ತರಬೇತುದಾರ ಆ್ಯಂಡಿ ಫ್ಲವರ್, ದಾಂಡಿಗರಿಗೆ ಮಾರ್ಗದರ್ಶಕರಾದ ದಿನೇಶ್ ಕಾರ್ತಿಕ್ ಇವರು ಕೂಡಿ ಹಣವನ್ನು ಹನ್ನೊಂದು ಜಾಗಗಳಿಗೂ ಹಂಚಿದರು. ಹೆಸರಿಗೆ ಕೊಳ್ಳಲಿಲ್ಲ, ಕೆಲಸಕ್ಕೆ ಕೊಂಡರು. ಮೊದಲ ಓವರುಗಳಿಗೊಬ್ಬ, ನಡುವಿನ ಓವರುಗಳಿಗೊಬ್ಬ, ಕೊನೆಯ ಓವರುಗಳಿಗೊಬ್ಬ ಎಂದು ಮೊದಲೇ ಎಣಿಸಿದ್ದರು.

2025ರ ಫೆಬ್ರುವರಿ 13ರಂದು ರಜತ್ ಪಾಟಿದಾರ್ ನಾಯಕರೆಂದು ಘೋಷಣೆಯಾದಾಗ ನಮ್ಮ ಸಿಟ್ಟು ಇಮ್ಮಡಿಯಾಯಿತು. ಕೊಹ್ಲಿಯವರು ಇರುವಾಗ ಇಂದೂರಿನ ಈ ಮಿತಭಾಷಿಗೆ ಪಟ್ಟವೇ? ಈತನ ಪೂರ್ವಕತೆ ವಾಚಕರಲ್ಲಿ ಕೆಲವರಿಗೆ ಗೊತ್ತಿರಬಹುದು. 2022ರ ಹರಾಜಿನಲ್ಲಿ ಈತನನ್ನು ಕೊಳ್ಳುವವರೇ ಇರಲಿಲ್ಲ. ಮನೆಯಲ್ಲಿ ಮದುವೆಯ ಸಿದ್ಧತೆ ನಡೆದಿದ್ದಾಗ, ಬೆಂಗಳೂರು ತಂಡದ ಆಟಗಾರನೊಬ್ಬ ಗಾಯಗೊಂಡನೆಂದು 20 ಲಕ್ಷಕ್ಕೆ ಕರೆ ಬಂತು. ಮದುವೆಯನ್ನು ಮುಂದೂಡಿದರೆಂದು ತಂದೆಯವರು ಆಗ ಪತ್ರಿಕೆಗಳಿಗೆ ಹೇಳಿದ್ದರು. ಹಾಗೆ ಬಂದವರು ಮೇ 25ರಂದು ಕಲಕತ್ತೆಯಲ್ಲಿ ಲಖನೌ ವಿರುದ್ಧ ಅಜೇಯ 112 ರನ್ನು ಹೊಡೆದರು. ಮದುವೆಯ ಕಾರ್ಡು ಅಚ್ಚಿಗೆ ಹೋಗುವ ಹೊತ್ತಿನಲ್ಲಿ ಇಂಥ ಕರೆ ನಮ್ಮ ಮನೆಗೆ ಬಂದಿದ್ದರೆ ಬೀಗರು ಏನೆನ್ನುತ್ತಿದ್ದರೋ! ಇರಲಿ. ನಾಯಕನಿಗೆ ಗಟ್ಟಿ ದನಿ ಇರಬೇಕೆಂಬುದು ನಮ್ಮ ಅಂದಿನ ಎಣಿಕೆ. ಮನೆಯಲ್ಲಿ ಹಿರಿಯನು ಇರುವಾಗ ಕಿರಿಯನಿಗೆ ಕೀಲಿಕೈ ಕೊಟ್ಟರೆ ಮನೆ ಒಡೆಯುವುದನ್ನು ಕಂಡವರು ನಾವು. ಇಲ್ಲಿ ಹಿರಿಯರೇ ಮುಂದೆ ನಿಂತು ಒಪ್ಪಿದರು, ಕಿರಿಯರ ಕೈಕೆಳಗೆ ಆಡಿದರು. ಗಂಡುಮಕ್ಕಳಿರುವ ಕೂಡುಕುಟುಂಬದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಏಪ್ರಿಲ್ ತಿಂಗಳು ನಮ್ಮ ವಾದವನ್ನೇ ಎತ್ತಿ ಹಿಡಿಯುವಂತೆ ಕಂಡಿತು. ಏಪ್ರಿಲ್ 2ರಂದು ಅದೇ ಸಿರಾಜ್ ಬೆಂಗಳೂರಿಗೆ ಬಂದು 19 ರನ್ನಿಗೆ 3 ವಿಕೆಟ್ ಕಿತ್ತನು. 10ರಂದು ಅದೇ ರಾಹುಲ್ 53 ಚೆಂಡುಗಳಲ್ಲಿ ಅಜೇಯ 93 ರನ್ನು ಹೊಡೆದು, ದಿಲ್ಲಿಯನ್ನು ಗೆಲ್ಲಿಸಿ, ದಾಂಡಿನಿಂದ ನೆಲದ ಮೇಲೆ ವೃತ್ತ ಬರೆದು ‘ಇದು ನನ್ನ ನೆಲ’ ಎಂದು ತೋರಿಸಿದರು. ನಮ್ಮ ಮನೆಯಲ್ಲಿ ಅಂದು ಅರ್ಧ ಜನ ಚಪ್ಪಾಳೆ ತಟ್ಟಿದರು, ಅರ್ಧ ಜನ ತಲೆಯ ಮೇಲೆ ಕೈಹೊತ್ತರು. ನಾವು ಎರಡನ್ನೂ ಮಾಡಿದೆವು. ತವರಿನ ಮೊದಲ ಮೂರು ಪಂದ್ಯಗಳನ್ನೂ ತಂಡ ಸೋತಿತು. ವಿಚಿತ್ರವೆಂದರೆ ಹೊರ ಊರುಗಳಲ್ಲಿ ಆಡಿದ ಲೀಗಿನ ಏಳಕ್ಕೆ ಏಳನ್ನೂ ಗೆದ್ದಿತು. ಯಾವ ತಂಡವೂ ಅದುವರೆಗೆ ಅದನ್ನು ಮಾಡಿರಲಿಲ್ಲ. ಮೇ 27ರಂದು ಲಖನೌದಲ್ಲಿ 228ರ ಗುರಿ. ಬೆರಳಿಗೆ ಗಾಯವಾಗಿದ್ದ ಪಾಟಿದಾರರ ಬದಲು ಅಂದು ನಾಯಕರಾಗಿದ್ದ ಜಿತೇಶ್ ಶರ್ಮಾ 33 ಚೆಂಡುಗಳಲ್ಲಿ ಅಜೇಯ 85 ಹೊಡೆದರೆ, ಎದುರು ತುದಿಯಲ್ಲಿ ಕೊನೆಯವರೆಗೂ ನಿಂತವರು ನಮ್ಮ ಮಯಂಕ್ ಅಗರ್ವಾಲ್. ಈ ಮಯಂಕರನ್ನು ಹರಾಜಿನಲ್ಲಿ ಯಾರೂ ಕೊಂಡಿರಲಿಲ್ಲ. ದೇವದತ್ತ ಪಡಿಕ್ಕಲ್ ಗಾಯಗೊಂಡಾಗ ಮೇ ತಿಂಗಳಲ್ಲಿ ಕರೆಸಿಕೊಂಡರು. ಕನ್ನಡಿಗನು ಹೋದ ಜಾಗಕ್ಕೆ ಕನ್ನಡಿಗನೇ ಬಂದುದು ನಮಗೆ ಸಮಾಧಾನವಾಯಿತು. ಆದರೂ ಬೆಂಗಳೂರಿನ ಹೆಸರು ಹೊತ್ತ ತಂಡದಲ್ಲಿ ನಮ್ಮ ನಾಡಿನ ಹುಡುಗರು ಬೆರಳೆಣಿಕೆಯಷ್ಟೇ ಎಂಬ ದೂರು ಗೆದ್ದ ಮೇಲೂ ಇದೆ. ಅದನ್ನು ಇಲ್ಲಿ ಬರೆದಿಡುತ್ತೇವೆ.

ಅಂತಿಮ ಪಂದ್ಯ ಅಹಮದಾಬಾದಿನಲ್ಲಿ, ಪಂಜಾಬಿನ ಮೇಲೆ. ಆ ಸಂಜೆ ನಮ್ಮ ಪಡಸಾಲೆಯಲ್ಲಿ ಓಣಿಯ ಹದಿನೈದು ಮಂದಿ ಕೂಡಿದ್ದರು. ಎಂಬತ್ತು ದಾಟಿದ ನಮ್ಮ ತಾಯಿಯವರು ಇಷ್ಟಲಿಂಗ ಪೂಜೆಯನ್ನು ಬೇಗನೆ ಮುಗಿಸಿ ಬಂದು, “ಇವತ್ತರೆ ಗೆಲ್ತಾವೇನಪಾ ಹುಡುಗ್ರು?” ಎಂದು ಕೇಳಿ ಗೋಡೆಗೆ ಒರಗಿ ಕುಳಿತರು. ಮೊದಲು ಆಡಿದ ಬೆಂಗಳೂರು 9 ವಿಕೆಟ್ಟಿಗೆ 190. ಒಬ್ಬರದೂ ಅರ್ಧ ಶತಕವಿಲ್ಲ. ಕೊಹ್ಲಿ 35 ಚೆಂಡುಗಳಲ್ಲಿ 43. ಇದೇನು ಇಷ್ಟು ನಿಧಾನವೆಂದು ನಾವು ಗೊಣಗಿದುದನ್ನು ಬಚ್ಚಿಡುವುದಿಲ್ಲ. ಪಾಟಿದಾರ್ 26, ಲಿವಿಂಗ್‌ಸ್ಟನ್ 25, ಮಯಂಕ್ 24, ಜಿತೇಶ್ ಹತ್ತೇ ಚೆಂಡುಗಳಲ್ಲಿ 24. ಒಬ್ಬ ದೊಡ್ಡವನು ಉಳಿಸುವ ಬದಲು ಆರೇಳು ಮಂದಿ ಕೈಗೂಡಿಸಿದ ಮೊತ್ತವದು. ಆ ಮೈದಾನಕ್ಕೆ ಅದು ಸಾಲದೆಂದು ಓಣಿಯ ಪಂಡಿತರೆಲ್ಲ ಒಮ್ಮತದಿಂದ ನುಡಿದರು.

ಆಗ ಚೆಂಡು ಹಿಡಿದವರು ಕೃಣಾಲ್ ಪಾಂಡ್ಯ, ನಾವು ‘ಮುಗಿದವರು’ ಎಂದು ತೀರ್ಪು ಕೊಟ್ಟವರು. ಪಾಟಿದಾರ್ ಅವರು ಅವರನ್ನು ನಂಬಿ ನಡುವಿನ ಓವರುಗಳನ್ನು ಒಪ್ಪಿಸಿದರು. ಅವರ ಬೌಲಿಂಗಿನಲ್ಲಿ ಬೆರಗುಗೊಳಿಸುವ ಮಾಟವೇನೂ ಇರಲಿಲ್ಲ. ಒಂದು ಚೆಂಡು ನಿಧಾನ, ಮುಂದಿನದು ಇನ್ನೂ ನಿಧಾನ, ಅದರ ಮುಂದಿನದು ಸರ್ರನೆ. ದಾಂಡಿಗನಿಗೆ ಕೈ ಚಾಚಲು ಎಡೆಯೇ ಇಲ್ಲ. ಮನೆಯಲ್ಲಿ ಕರದಂಟು ಮಾಡುವಾಗ ಬೆಲ್ಲದ ಪಾಕ ಹದಕ್ಕೆ ಬರುವವರೆಗೆ ಸೌಟು ಬಿಡದೆ ನಿಲ್ಲುವ ಹೆಂಗಸಿನ ಏಕಾಗ್ರತೆ ಅಲ್ಲಿತ್ತು. ಪ್ರಭ್‌ಸಿಮ್ರನ್ ಹೋದರು, ಅಪಾಯಕಾರಿಯಾಗುತ್ತಿದ್ದ ಇಂಗ್ಲಿಸ್ 39ಕ್ಕೆ ಹೋದರು. 4 ಓವರುಗಳಲ್ಲಿ 17 ರನ್ನು, 2 ವಿಕೆಟ್. ನಡುವೆ ಒಂದೂವರೆ ಕೋಟಿಯ ಶೆಫರ್ಡ್ ಪಂಜಾಬಿನ ನಾಯಕ ಶ್ರೇಯಸ್ ಅಯ್ಯರ್ ಅವರನ್ನು ಒಂದೇ ರನ್ನಿಗೆ ಹಿಂದಿರುಗಿಸಿದರು. ಹದಿನೇಳನೆಯ ಓವರಿನಲ್ಲಿ ‘ವಯಸ್ಸಾದ’ ಭುವನೇಶ್ವರ್ ಎರಡು ವಿಕೆಟ್ ಕಿತ್ತರು. ಭುಜದ ನೋವಿನಿಂದ ಕೆಲವು ವಾರ ಹೊರಗಿದ್ದ ಹೇಜಲ್‌ವುಡ್ ಅವರನ್ನು ಅವಸರಿಸದೆ ಕಾದು, ಕೊನೆಯ ಪಂದ್ಯಗಳಿಗೆ ಸಿದ್ಧಪಡಿಸಿದ್ದರು. ಮೇ 29ರಂದು ಇದೇ ಪಂಜಾಬು 101ಕ್ಕೆ ಉರುಳಿದಾಗ ಅವರು 3 ವಿಕೆಟ್ ಪಡೆದಿದ್ದರು. ಅಂತಿಮ ಓವರು ಅವರ ಪಾಲಿಗೆ ಬಂದಾಗ ಪಂಜಾಬಿಗೆ ಬೇಕಾದುದು 29. ಮೊದಲ ಎರಡು ಚೆಂಡುಗಳಿಗೆ ರನ್ನಿಲ್ಲ. ಲೆಕ್ಕ ಅಲ್ಲಿಗೇ ಮುಗಿದಿತ್ತು. ಶಶಾಂಕ್ ಸಿಂಗ್ ಉಳಿದ ನಾಲ್ಕರಲ್ಲಿ 22 ಚಚ್ಚಿದರೂ ನಮಗೇನೂ ಅಂಜಿಕೆಯಾಗಲಿಲ್ಲ. ಕೊಹ್ಲಿಯವರು ಆಗಲೇ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಹದಿನೆಂಟು ವರ್ಷ ಒಂದೇ ತಂಡದಲ್ಲಿ ದುಡಿದವರು. ನಮ್ಮ ತಾಯಿಯವರೂ ಸೆರಗಿನಿಂದ ಕಣ್ಣೊರಸಿಕೊಂಡರು. ಗೆಲುವಿನ ಅಂತರ 6 ರನ್ನು. 2009ರಲ್ಲಿ ಸೋತುದೂ ಆರರಿಂದಲೇ.

ಊರಿನಲ್ಲಿ ಪಟಾಕಿ ಹಾರಿದವು. ಮನೆಯಲ್ಲಿದ್ದ ಕರದಂಟಿನ ಪೊಟ್ಟಣ ಒಡೆದು ಹಂಚಿದೆವು. ಹುಕ್ಕೇರಿಯ ಬೀಗರೇ ಫೋನು ಮಾಡಿ ಅಭಿನಂದಿಸಿದರು. ಅದರ ಬೆನ್ನಿಗೇ ತಂಗಿಯ ಮಗನ ಕರೆ ಬಂತು. ಹಿಂದೆ ಗದ್ದಲ, ಹಾಡು, ವಾಹನಗಳ ಹಾರ್ನು. “ಮಾಮಾ, ನಾವು ಅಂದದ್ದೆಲ್ಲಾ ಸುಳ್ಳಾತು ನೋಡ್ರಿ. ಕೃಣಾಲ್, ಭುವಿ, ಪಾಟಿದಾರ್… ಎಲ್ಲಾರೂ ನಮ್ಮ ಬಾಯಿ ಮುಚ್ಚಿಸಿದ್ರು” ಎಂದು ನಕ್ಕನು. ಬಳಿಕ, “ನಾಳೆ ಟೀಮು ಬೆಂಗಳೂರಿಗೆ ಬರತೈತಂತ. ನಾ ಹೋಗ್ಲೇನ್ರಿ? ಅವ್ವ ಬ್ಯಾಡ ಅಂತಾಳ” ಎಂದು ಕೇಳಿದನು.

ನಾವು ಒಂದು ಕ್ಷಣವಾದರೂ ಯೋಚಿಸಿದೆವೇ? ಇಲ್ಲ. “ಹೋಗಿ ಬಾರೋ. ಹದಿನೆಂಟು ವರ್ಷಕ್ಕ ಬಂದ ದಿನ ಇದು. ನಿಮ್ಮವ್ವಗ ನಾ ಹೇಳ್ತೀನಿ” ಎಂದೆವು.

ಮರುದಿನ ಬೆಂಗಳೂರಿನಲ್ಲಿ ನಡೆದುದು ನಾಡಿಗೆಲ್ಲ ಗೊತ್ತು. ಬೆಳಿಗ್ಗೆ ವಿಜಯ ಮೆರವಣಿಗೆ ಇದೆಯೆಂದರು. ನಡುಹಗಲಿನ ಹೊತ್ತಿಗೆ ಪೊಲೀಸರು ಮೆರವಣಿಗೆ ಇಲ್ಲವೆಂದರು. ಮಧ್ಯಾಹ್ನ ಮೂರರ ಸುಮಾರಿಗೆ ತಂಡದ ಕಡೆಯಿಂದ ಮತ್ತೆ ಮೆರವಣಿಗೆ ಇದೆ, ಉಚಿತ ಪಾಸುಗಳಿವೆ ಎಂಬ ಸುದ್ದಿ ಹರಡಿತು. ವಿಧಾನಸೌಧದ ಮುಂದೊಂದು ಸಮಾರಂಭ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಇನ್ನೊಂದು. ಕ್ರೀಡಾಂಗಣದಲ್ಲಿ ಹಿಡಿಸುವವರು 35 ಸಾವಿರ. ಬಂದವರು ಎರಡು ಮೂರು ಲಕ್ಷವೆಂದು ಮುಖ್ಯಮಂತ್ರಿಗಳೇ ಬಳಿಕ ಹೇಳಿದರು. ಮುಚ್ಚಿದ ದ್ವಾರಗಳ ಬಳಿ ನೂಕುನುಗ್ಗಲಾಗಿ 11 ಮಂದಿ ಸತ್ತರು, 50ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಎಳೆಯರು. ಶಾಲೆಗೆ ಹೋಗುವ ಹುಡುಗಿಯೂ ಇದ್ದಳು.

ಗೋಕಾಕದಲ್ಲಿ ನಾವು ಟಿ.ವಿ.ಯಲ್ಲಿ ಇದನ್ನು ಕಂಡುದು ಸಂಜೆ ಐದೂವರೆಯ ಸುಮಾರಿಗೆ. ಮೊದಲು ‘ಕಾಲ್ತುಳಿತ’ ಎಂಬ ಒಂದು ಪದ, ಬಳಿಕ ಸಂಖ್ಯೆ, ಬಳಿಕ ಆ ಸಂಖ್ಯೆ ಏರತೊಡಗಿತು. ಹುಡುಗನ ಫೋನು ಹತ್ತುತ್ತಿರಲಿಲ್ಲ. ತಂಗಿ ಮೂಡಲಗಿಯಿಂದ ಕರೆ ಮಾಡಿದಳು. ಬೈಯಲಿಲ್ಲ, ಅಳಲಿಲ್ಲ. “ಅಣ್ಣಾ, ನೀ ಹೋಗಂದಿದ್ದಿ ಅಂತಲ್ಲ?” ಎಂದಷ್ಟೇ ಕೇಳಿದಳು. ನಮಗೆ ಉತ್ತರ ಹೊಳೆಯಲಿಲ್ಲ. ತಾಯಿಯವರು ದೇವರಮನೆಯಿಂದ ಎದ್ದು ಬರಲೇ ಇಲ್ಲ. ಹಿಂದಿನ ರಾತ್ರಿ ಅದೇ ಪಡಸಾಲೆಯಲ್ಲಿ ಬಿದ್ದಿದ್ದ ಕರದಂಟಿನ ಕಾಗದವನ್ನು ನಮ್ಮ ಮನೆಯವರು ಸದ್ದಿಲ್ಲದೆ ಆರಿಸುತ್ತಿದ್ದರು.

ಎಂಟು ಗಂಟೆಗೆ ಬೇರೆ ಯಾರದೋ ಫೋನಿನಿಂದ ಹುಡುಗನ ದನಿ ಕೇಳಿತು. ಒಂದು ದ್ವಾರದ ಹತ್ತಿರ ಕಬ್ಬಿಣದ ತಡೆಗೆ ಒತ್ತಿಹೋಗಿದ್ದನಂತೆ. ಉಸಿರು ಸಿಕ್ಕಿರಲಿಲ್ಲ. ಗುರುತಿಲ್ಲದ ಒಬ್ಬನು ರಟ್ಟೆ ಹಿಡಿದು ಮೇಲೆತ್ತಿ ಅತ್ತ ಕಡೆಗೆ ಜಗ್ಗಿಕೊಂಡನಂತೆ. ಆತನ ಹೆಸರು ಕೇಳಲೂ ಆಗಲಿಲ್ಲ. ಚಪ್ಪಲಿ ಹೋಗಿತ್ತು, ಫೋನು ಹೋಗಿತ್ತು, ಎದೆ ನೋಯುತ್ತಿತ್ತು. ಜೀವವಿತ್ತು. ನಮ್ಮ ಮನೆಗೆ ಅಂದು ದೊರೆತ ಆ ಒಂದು ಕರೆ ಹನ್ನೊಂದು ಮನೆಗಳಿಗೆ ದೊರೆಯಲಿಲ್ಲ.

ಅಂದಿನಿಂದ ನಮಗೆ ಬಿಡದೆ ಕಾಡಿದ ವಿಚಾರವೊಂದಿದೆ. ಆ ತಂಡವನ್ನು ಗೆಲ್ಲಿಸಿದ ತೀರ್ಮಾನಗಳೆಲ್ಲವೂ ತಾಳ್ಮೆಯವು. ಜನ ಬೈದರೂ ರಾಹುಲ್ ಅವರಿಗೆ ಕೂಗಿದ ಬೆಲೆಯಲ್ಲಿ ಒಂದು ಗೆರೆ ಎಳೆದು ನಿಂತರು. ಒಬ್ಬ ಬೌಲರನ ಭುಜ ವಾಸಿಯಾಗುವವರೆಗೆ ಕಾದರು. ಯಾವ ಓವರಿಗೆ ಯಾರೆಂದು ತಿಂಗಳುಗಟ್ಟಲೆ ಮೊದಲೇ ಚಿಂತಿಸಿದರು. ಅಭಿಮಾನಿಗಳ ಕೂಗಿಗೆ ಕಿವಿಗೊಡದೆ ಇದ್ದುದೇ ಅವರ ಗೆಲುವಿನ ಗುಟ್ಟು. ಅದೇ ಕಪ್ಪನ್ನು ಜನರಿಗೆ ತೋರಿಸುವ ತೀರ್ಮಾನ ಮಾತ್ರ ಒಂದು ರಾತ್ರಿ ಕಳೆಯುವುದರೊಳಗೆ ಆಯಿತು. ಹಿಂದಿನ ರಾತ್ರಿಯೆಲ್ಲ ಬೀದಿ ಕಾದಿದ್ದ ಪೊಲೀಸರನ್ನೇ ಮರುದಿನ ಲಕ್ಷಾಂತರ ಜನರ ಮುಂದೆ ನಿಲ್ಲಿಸಲಾಯಿತು. ನಾಲ್ಕು ದಿನ ತಡೆದಿದ್ದರೆ ಕಪ್ಪು ಎಲ್ಲಿಗೆ ಓಡಿಹೋಗುತ್ತಿತ್ತು? ಹದಿನೆಂಟು ವರ್ಷ ಕಾದ ಜನ ಬರುವ ಭಾನುವಾರದವರೆಗೆ ಕಾಯುತ್ತಿರಲಿಲ್ಲವೇ?

ಜನಸಂದಣಿ ಎಂದರೆ ನಮ್ಮ ನಾಡಿಗೆ ಹೊಸತಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಪ್ರತಿ ಜನವರಿಯಲ್ಲಿ ಲಕ್ಷಾಂತರ ಭಕ್ತರು ಬರುತ್ತಾರೆ. ತೇರು ಎಳೆಯುವ ಬಯಲು ವಿಶಾಲವಾಗಿದೆ. ಹಳ್ಳಿಹಳ್ಳಿಗಳಿಂದ ಜೋಳದ ರೊಟ್ಟಿಗಳು ದಾಸೋಹಕ್ಕೆ ಮೊದಲೇ ಬಂದು ಸೇರುತ್ತವೆ. ನಮ್ಮ ಕಡೆಯ ಸಣ್ಣ ಊರ ತೇರಿಗೂ ಹಗ್ಗ ಹಿಡಿಯುವವರು ಯಾರು, ಗಾಲಿಗೆ ಮರದ ತಡೆ ಕೊಡುವವರು ಯಾರು, ಮಕ್ಕಳನ್ನು ಎಷ್ಟು ದೂರ ನಿಲ್ಲಿಸಬೇಕು ಎಂಬುದು ಹದಿನೈದು ದಿನ ಮೊದಲೇ ಗುಡಿಯ ಕಟ್ಟೆಯ ಮೇಲೆ ನಿರ್ಧಾರವಾಗುತ್ತದೆ. ತಡೆ ಕೊಡುವವನಿಗೆ ಹಾರ ಹಾಕುವವರಿಲ್ಲ, ಆದರೆ ಅವನು ಬಾರದೆ ತೇರು ಹೊರಡುವುದಿಲ್ಲ. ಬೆಂಗಳೂರಿನಲ್ಲಿ ಅಂದು ತೇರು ಹೊರಟಿತು; ಗಾಲಿಯ ಬಳಿ ಯಾರಿದ್ದಾರೆಂದು ನೋಡಿದವರಿಲ್ಲ.

ಮುಂದಿನ ಸಂಗತಿಗಳನ್ನು ಚುಟುಕಾಗಿ ಹೇಳುತ್ತೇವೆ. ನಗರದ ಪೊಲೀಸ್ ಆಯುಕ್ತರೂ ಸೇರಿ ಹಲವು ಅಧಿಕಾರಿಗಳು ಅಮಾನತಾದರು; ಜುಲೈ ಕೊನೆಯಲ್ಲಿ ಆ ಅಮಾನತು ರದ್ದಾಯಿತು. ಉಚ್ಚ ನ್ಯಾಯಾಲಯ ತಾನಾಗಿಯೇ ವಿಚಾರಣೆ ಕೈಗೊಂಡಿತು. ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಅವರ ಆಯೋಗ ಜುಲೈಯಲ್ಲಿ ವರದಿ ಕೊಟ್ಟಿತು. ಸರಕಾರ ಪರಿಹಾರವನ್ನು 10 ಲಕ್ಷದಿಂದ 25 ಲಕ್ಷಕ್ಕೆ ಏರಿಸಿತು; ಆಗಸ್ಟಿನಲ್ಲಿ ತಂಡವೂ ಪ್ರತಿ ಕುಟುಂಬಕ್ಕೆ 25 ಲಕ್ಷ ಘೋಷಿಸಿತು. ತಪ್ಪು ಯಾರದೆಂಬ ವಾದದಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರತ್ತ ಬೆರಳು ಮಾಡಿದುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿದ್ದಾರೆ. ನಾವು ಬೆಂಗಳೂರಿನ ದೊಡ್ಡವರಿಗೆ ಬುದ್ಧಿ ಹೇಳುವಷ್ಟು ದೊಡ್ಡವರಲ್ಲ. ಮೂಡಲಗಿಯಲ್ಲಿದ್ದ ಒಬ್ಬ ತಾಯಿ ಬೇಡವೆಂದಾಗ, ಗೋಕಾಕದ ಪಡಸಾಲೆಯಲ್ಲಿ ಕುಳಿತು ಹೋಗೆಂದವರು ನಾವು. ನಮ್ಮ ತೀರ್ಮಾನವೂ ಅದೇ ಒಂದು ರಾತ್ರಿಯ ಉನ್ಮಾದದಲ್ಲಿ ಆದುದೇ.

ಹುಡುಗನು ಹತ್ತು ದಿನಗಳ ನಂತರ ರಾಣಿ ಚೆನ್ನಮ್ಮ ರೈಲಿನಿಂದ ಘಟಪ್ರಭಾ ನಿಲ್ದಾಣದಲ್ಲಿ ಇಳಿದನು. ನಾವೇ ಕರೆತರಲು ಹೋಗಿದ್ದೆವು. ಕಾಲಲ್ಲಿ ಹೊಸ ಚಪ್ಪಲಿ. ದಾರಿಯುದ್ದಕ್ಕೂ ಆಟದ ಮಾತು ಅವನೂ ತೆಗೆಯಲಿಲ್ಲ, ನಾವೂ ತೆಗೆಯಲಿಲ್ಲ. ಮೂಡಲಗಿಯಲ್ಲಿ ತಂಗಿ ಬಾಗಿಲಲ್ಲಿ ನಿಂತಿದ್ದಳು. ಮಗನನ್ನು ಒಳಗೆ ಕರೆದುಕೊಂಡಳು, ನಮಗೂ ಕಾಲಿಗೆ ನೀರು ಕೊಟ್ಟಳು. ಊಟಕ್ಕೆ ಕುಳಿತಾಗ ನಾವು, “ತಂಗೀ, ತಪ್ಪು ನಂದು” ಎಂದೆವು. ಅವಳು ನಮ್ಮ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳೇ ಹೊರತು ಏನೂ ಹೇಳಲಿಲ್ಲ. ಹುಡುಗನ ಕೆಂಪು ಅಂಗಿಯ ತೋಳು ಹರಿದಿತ್ತು. ಅದನ್ನು ಒಗೆದು, ಹೊಲಿದು, ಟ್ರಂಕಿನಲ್ಲಿ ಇಟ್ಟಿದ್ದಾಳೆ.

ಆ ವರ್ಷದ ಮಹಿಳಾ ವಿಶ್ವಕಪ್ಪಿನ ಕೆಲವು ಪಂದ್ಯಗಳು ಬೆಂಗಳೂರಿನಲ್ಲಿ ಆಗಬೇಕಿದ್ದವು. ನಮ್ಮ ಮಗಳು ಒಂದನ್ನಾದರೂ ನೋಡಬೇಕೆಂದು ಹಣ ಕೂಡಿಟ್ಟಿದ್ದಳು. ಈ ದುರಂತದ ಬಳಿಕ ಅವು ಬೆಂಗಳೂರಿನ ಕೈತಪ್ಪಿ, ಹಲವು ನವಿ ಮುಂಬಯಿಗೆ ಹೋದವು. ನವೆಂಬರ್ 2ರ ರಾತ್ರಿ ನಮ್ಮ ಹೆಣ್ಣುಮಕ್ಕಳು ಅಲ್ಲಿಯೇ ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸಿ ವಿಶ್ವಕಪ್ ಗೆದ್ದಾಗ ಮಧ್ಯರಾತ್ರಿ ದಾಟಿತ್ತು. ಪಡಸಾಲೆಯಲ್ಲಿ ಎಲ್ಲರೂ ಎದ್ದು ನಿಂತಿದ್ದರು. ಆ ಗದ್ದಲದಲ್ಲಿಯೇ ಫೋನು ಬಂತು.

“ಮಾಮಾ, ಗೆದ್ದಿವ್ರೀ!”

“ಎಲ್ಲದೀಯೋ?” ಎಂದೆವು.

“ರೂಮಿನಾಗ ಅದೀನ್ರಿ. ಅವ್ವಗೂ ಈಗ ಫೋನ್ ಮಾಡಿ ಹೇಳೀನ್ರಿ” ಎಂದನು.